ಬೀಗ ಕೊಂಡವರು ನಾವು, ಬೀಗದ ಕೈ ಯಾರ ಬಳಿ?



ದಿಂಡುಗಲ್ಲಿನ ಬೀಗ ಊರೂರಲ್ಲಿ ಹೆಸರಾದದ್ದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬೀಗ ಕೊಂಡವನಿಗೆ ಅಂಗಡಿಯವನು ಬೀಗದ ಕೈಯನ್ನೂ ಕೊಡುತ್ತಾನೆ. ಹಾಗಲ್ಲದೆ, "ಕೈ ನನ್ನಲ್ಲೇ ಇರಲಿ, ನಿನ್ನ ಮನೆಗೆ ಯಾರು ಬರಬೇಕೆಂದು ನಾನು ತೀರ್ಮಾನಿಸುತ್ತೇನೆ, ಬಂದವನು ನನಗೆ ಪಾಲು ಕೊಡಲಿ" ಎಂದರೆ ವೇದಸಂದೂರಿನಲ್ಲಿ ಅವನ ಬೀಗವನ್ನು ಯಾರು ಮುಟ್ಟುತ್ತಾರೆ? ಆದರೆ ಕೂಲಿಯ ಹಣ ಕೂಡಿಟ್ಟು ನಾವು ಕೊಂಡ ಮೊಬೈಲ್ ಫೋನಿನಲ್ಲಿ ನಡೆಯುತ್ತಿರುವುದು ಇದೇ.

ಫೋನು ನಡೆಯುವುದು ಒಂದು ಮೂಲ ತಂತ್ರಾಂಶದ ಬಲದಿಂದ. ನಮ್ಮ ದೇಶದ ಹೆಚ್ಚಿನ ಫೋನುಗಳಲ್ಲಿ ಅದು ಗೂಗಲ್ ಕಂಪನಿಯ ಆಂಡ್ರಾಯ್ಡ್. ಐಫೋನಿನಲ್ಲಿ ಆಪಲ್ ಕಂಪನಿಯದು. ಯಾರಾದರೂ ಒಂದು ಆ್ಯಪ್ ತಯಾರಿಸಿದರೆ ಅದು ನಮ್ಮ ಕೈ ಸೇರಲು ಈ ಕಂಪನಿಗಳ ಅಂಗಡಿಯ ಬಾಗಿಲಲ್ಲೇ ಬರಬೇಕು. ಐಫೋನಿಗೆ ಇಲ್ಲಿ ಬೇರೆ ಬಾಗಿಲೇ ಇಲ್ಲ. ಆಂಡ್ರಾಯ್ಡಿನಲ್ಲಿ ಹಿತ್ತಿಲ ದಾರಿಯುಂಟು, ಆದರೆ ಅಲ್ಲಿ ಕಾಲಿಟ್ಟರೆ "ಅಪಾಯ" ಎಂಬ ಎಚ್ಚರಿಕೆ ಹಲ್ಲು ಕಿರಿಯುತ್ತದೆ.

ತೋಟದ ಹಿರಿಯರಿಗೆ ಕಂಗಾಣಿಯ ಕಥೆ ಗೊತ್ತು. ತಾನು ಕರೆತಂದ ಆಳು ದುಡಿದ ದಿನ ದಿನಕ್ಕೂ ಅವನಿಗೆ ತಲೆಕಾಸು ಸಲ್ಲುತ್ತಿತ್ತು. ಬೆವರು ಒಬ್ಬರದು, ಪಾಲು ಮತ್ತೊಬ್ಬರದು. ಈ ಅಂಗಡಿಗಳ ಲೆಕ್ಕವೂ ಅದೇ ಜಾತಿಯದು. ಆ್ಯಪಿನೊಳಗೆ ಪಾಠ, ಹಾಡು, ಸದಸ್ಯತ್ವ ಇಂಥದ್ದನ್ನು ಮಾರಿದರೆ ನೂರು ರೂಪಾಯಿಗೆ 30 ರೂಪಾಯಿ ಕಂಪನಿಗೆ ಎಂಬುದು ಬಹುಕಾಲ ನಡೆದ ಕಟ್ಟಳೆ. ಕೂಗು ಎದ್ದ ಮೇಲೆ, 2021ರಲ್ಲಿ, ಸಣ್ಣವರಿಗೆ 15 ಎಂದರು. "ಹಣವನ್ನು ನಮ್ಮ ದಾರಿಯಲ್ಲೇ ವಸೂಲಿ ಮಾಡುತ್ತೇವೆ" ಎಂದು ಭಾರತದ ತಯಾರಕರು ಹೇಳಿದಾಗ ಗೂಗಲ್ ಬಿಟ್ಟುಕೊಟ್ಟದ್ದೆಷ್ಟು? ನಾಲ್ಕೇ ನಾಲ್ಕು. 30 ಇದ್ದದ್ದು 26 ಆಯಿತು, 15 ಇದ್ದದ್ದು 11 ಆಯಿತು. ತೂಗುವವನು ಬೇರೆ, ಹೊರುವವನು ಬೇರೆ, ಆದರೂ ಮೂಟೆಯಲ್ಲಿ ಪಾಲು!

ಇದು ಪಟ್ಟಣದ ಸಿರಿವಂತರ ಜಗಳ, ನಮಗೇನು ಎನ್ನಬೇಡಿ. 2024ರ ಮಾರ್ಚ್ 1ರಂದು ಏನಾಯಿತು ನೋಡಿ. ಪಾಲು ಕೊಡಲಿಲ್ಲವೆಂದು ಹತ್ತು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಗೂಗಲ್ ತನ್ನ ಪ್ಲೇ ಸ್ಟೋರಿನಿಂದ ತೆಗೆಯಲು ತೊಡಗಿತು. ಚೆನ್ನೈಯ ಮ್ಯಾಟ್ರಿಮೊನಿ ಕಂಪನಿಯ ಆ್ಯಪ್‌ಗಳೂ ಹೋದವು. ಅವುಗಳಲ್ಲಿ ಕ್ರಿಶ್ಚಿಯನ್ ಮ್ಯಾಟ್ರಿಮೊನಿ ಇತ್ತು. ಹೆಚ್ಚು ಓದದ ದುಡಿಯುವ ಜನರ ಸಂಬಂಧಕ್ಕೆಂದು ಮಾಡಿದ 'ಜೋಡಿ' ಎಂಬುದೂ ಇತ್ತು. ಮಗಳಿಗೆ ಗಂಡು ಹುಡುಕುವ ಬಡ ತಾಯಿಗೂ ಆ ಜಗಳಕ್ಕೂ ಏನು ಸಂಬಂಧ? ಕಂಪನಿಗಳು ಕೂಗಿದವು, ಕೇಂದ್ರ ಸರಕಾರ ನಡುವೆ ಬಂತು, ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಮರಳಿದವು. ದೊಡ್ಡ ಕಂಪನಿಗೆ ಮಂತ್ರಿಯ ಬಾಗಿಲು ತೆರೆಯಿತು. ಒಂಟಿಯಾಗಿ ದುಡಿಯುವ ತಯಾರಕನ ಆ್ಯಪ್ ಹೋದರೆ ಯಾವ ಮಂತ್ರಿ ಬರುತ್ತಾನೆ?

ನಮ್ಮ ಲೈನು ಮನೆಗಳ ಮಕ್ಕಳು ಇಂದು ಪಾಲಿಟೆಕ್ನಿಕ್ಕಿಗೆ, ಕಾಲೇಜಿಗೆ ಹೋಗುತ್ತಿದ್ದಾರೆ. ಅವರಲ್ಲೊಬ್ಬಳು ಏಲಕ್ಕಿ ಕೊಯ್ಲಿನ ತೂಕ, ಕೂಲಿ, ಕಡಿತಗಳ ಲೆಕ್ಕವನ್ನು ಕನ್ನಡದಲ್ಲಿ ಇಡುವ ಆ್ಯಪ್ ಮಾಡಿದಳೆನ್ನಿ. ಗೂಗಲ್‌ಗೆ ಮೊದಲು 25 ಡಾಲರ್ ಕಟ್ಟಬೇಕು. ಆಪಲ್‌ಗಾದರೆ ವರ್ಷ ವರ್ಷವೂ 99 ಡಾಲರ್, ಮೇಲೆ ಅದೇ ಕಂಪನಿಯ ದುಬಾರಿ ಕಂಪ್ಯೂಟರ್. 2023ರ ನವೆಂಬರಿನಲ್ಲಿ ಗೂಗಲ್ ಇನ್ನೊಂದು ನಿಯಮ ತಂದಿತು. ಸ್ವಂತ ಹೆಸರಿನಲ್ಲಿ ಹೊಸ ಖಾತೆ ತೆರೆದವರು 20 ಜನರಿಂದ 14 ದಿನ ಎಡೆಬಿಡದೆ ಆ್ಯಪನ್ನು ಪರೀಕ್ಷೆ ಮಾಡಿಸಬೇಕು. 2024ರ ಡಿಸೆಂಬರಿನಲ್ಲಿ 20 ಹೋಗಿ 12 ಆಯಿತು. ಕಂಪನಿಯ ಹೆಸರಿನಲ್ಲಿ ಖಾತೆ ಇದ್ದವರಿಗೆ ಈ ಪರೀಕ್ಷೆ ಇಲ್ಲ. ಇದ್ದವನಿಗೆ ಹೆಬ್ಬಾಗಿಲು, ಇಲ್ಲದವನಿಗೆ ಸರತಿಯ ಸಾಲು!

"ಕಾವಲು ಬೇಡವೇ? ಕಳ್ಳ ಆ್ಯಪ್‌ಗಳು ಬರುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಕಾವಲು ಬೇಕು. ಸಾಲದ ಆ್ಯಪ್‌ಗಳು ಬಡವರ ಕೊರಳು ಹಿಡಿದದ್ದನ್ನು ನಾವು ಕಂಡಿದ್ದೇವೆ. 2022ರ ಸೆಪ್ಟೆಂಬರಿನಿಂದ 2023ರ ಆಗಸ್ಟಿನವರೆಗೆ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ತೆಗೆಯಲಾಯಿತೆಂದು ಸರಕಾರವೇ ಸಂಸತ್ತಿಗೆ ತಿಳಿಸಿತು. ಸರಿ, ಆದರೆ ಅವು ಒಳಗೆ ಬಂದದ್ದು ಯಾವ ಬಾಗಿಲಿನಿಂದ? ಇದೇ ಕಾವಲುಗಾರನ ಮುಂದಿನಿಂದಲೇ ಅಲ್ಲವೇ? ಕಾವಲಿಗೆ ಸಂಬಳ ಕೊಡೋಣ. ಕಾವಲುಗಾರ ಮನೆಯ ಯಜಮಾನನಾಗುವುದು ಬೇಡ.

ನ್ಯಾಯದ ಬಾಗಿಲನ್ನೂ ತಟ್ಟಲಾಗಿದೆ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ ಮೊದಲು 1,337.76 ಕೋಟಿ, ಐದೇ ದಿನಗಳ ಮೇಲೆ ಪ್ಲೇ ಸ್ಟೋರಿನ ಹಣ ವಸೂಲಿಯ ವಿಷಯದಲ್ಲಿ 936.44 ಕೋಟಿ ರೂಪಾಯಿ ದಂಡ ಹಾಕಿತು. ಎರಡನೆಯದನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚಿನಲ್ಲಿ 216.69 ಕೋಟಿಗೆ ಇಳಿಸಿತು. ಬೇರೆಯವರ ಅಂಗಡಿಗೂ ಪ್ಲೇ ಸ್ಟೋರಿನಲ್ಲಿ ಜಾಗ ಕೊಡಬೇಕೆಂದು ಆಯೋಗ ಹೇಳಿದ್ದನ್ನು ಅದೇ ಮಂಡಳಿ 2023ರಲ್ಲೇ ತೆಗೆದುಹಾಕಿತ್ತು. ಹಾಗಾಗಿ 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಫೋನ್‌ಪೇ ಕಂಪನಿ 12 ಭಾರತೀಯ ಭಾಷೆಗಳಲ್ಲಿ 'ಇಂಡಸ್' ಎಂಬ ಅಂಗಡಿ ತೆರೆದಾಗ ಅದು ಹಿತ್ತಿಲ ದಾರಿಯಿಂದಲೇ ಜನರ ಬಳಿಗೆ ಬರಬೇಕಾಯಿತು.

ಆ ಹಿತ್ತಿಲಿಗೂ ಬೇಲಿ ಹಾಕುವ ಮಾತು 2025ರ ಆಗಸ್ಟಿನಲ್ಲಿ ಬಂತು. ತನ್ನ ಅಂಗಡಿಯ ಹೊರಗಿನಿಂದ ಬರುವ ಆ್ಯಪಿನ ತಯಾರಕರೂ ತನ್ನಲ್ಲೇ ಗುರುತು ನೋಂದಾಯಿಸಬೇಕೆಂದು ಗೂಗಲ್ ಸಾರಿತು. ಲೋಕದ ನಾನಾ ಕಡೆಯ ತಯಾರಕರು ವಿರೋಧಿಸಿದರು. ನವೆಂಬರಿನಲ್ಲಿ ಕಂಪನಿ ವಿದ್ಯಾರ್ಥಿಗಳಿಗೂ ಅನುಭವಿಗಳಿಗೂ ಸಡಿಲಿಕೆ ಕೊಡುವೆನೆಂದಿತು. ಯೂರೋಪಿನಲ್ಲಿ ಕಾನೂನು ಬಂದದ್ದರಿಂದ 2024ರ ಮಾರ್ಚಿನಿಂದ ಐಫೋನಿನಲ್ಲೂ ಬೇರೆ ಅಂಗಡಿಗೆ ಜಾಗವಾಯಿತು. ಇದರಿಂದ ಕಲಿಯಬೇಕಾದ ಪಾಠ ಒಂದೇ: ಕೇಳಿದರೆ ಬಾಗಿಲು ಸರಿಯುತ್ತದೆ, ಸುಮ್ಮನಿದ್ದರೆ ಚಿಲಕ ಬೀಳುತ್ತದೆ.

ನಾವು ಕೇಳಬೇಕಾದದ್ದು ಹೆಚ್ಚಿನದಲ್ಲ. ಅಂಗಡಿಯ ಖರ್ಚಿಗೆ ತಕ್ಕ ಶುಲ್ಕವಿರಲಿ, ತಲೆಕಾಸು ಬೇಡ. ಆ್ಯಪ್ ತೆಗೆಯುವ ಮೊದಲು ಕಾರಣ ತಿಳಿಸಲಿ, ಮನುಷ್ಯರೇ ಅಹವಾಲು ಕೇಳಲಿ, ಅದೂ ನಮ್ಮ ಭಾಷೆಯಲ್ಲಿ. ಬೇರೆ ಅಂಗಡಿಗೂ ಬಾಗಿಲಿರಲಿ. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಡಿಜಿಟಲ್ ಸ್ಪರ್ಧೆಯ ಮಸೂದೆಯ ಕರಡು ಪ್ರಕಟಿಸಿತು. ಕರಡಿನಿಂದ ಯಾರ ಹೊಟ್ಟೆಯೂ ತುಂಬದು, ಅದರ ತಿರುಳು ಕಾನೂನಾಗಬೇಕು. ಮತ ಕೇಳಲು ಬರುವವರ ಮುಂದೆ ರಸ್ತೆ, ನೀರು, ಕೂಲಿಯ ಜೊತೆಗೆ ಈ ಮಾತನ್ನೂ ಇಡಿ. ಸಂಘದ ಸಭೆಗಳಲ್ಲಿ ಚರ್ಚಿಸಿ, ಓದಿದ ಮಕ್ಕಳಿಂದ ಮನವಿ ಬರೆಸಿ, ಎಲ್ಲರೂ ಸಹಿ ಹಾಕಿ.

ಹಣ ಕೊಟ್ಟು ಕೊಂಡ ಬೀಗ ನಮ್ಮದು. ಅದರ ಕೈಯೂ ನಮ್ಮದೇ ಆಗಬೇಕು.