ಅರಳುಮರಳು ಎನ್ನುವ ಮುನ್ನ

ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದು ಐವತ್ತು ವರ್ಷ ಪೂರೈಸುವುದು ಸಣ್ಣ ಮಾತಲ್ಲ. ಈ ಸುವರ್ಣ ಮಹೋತ್ಸವದ ಶುಭ ಸಂದರ್ಭದಲ್ಲಿ, ಇದೇ ಶಾಲೆಯಲ್ಲಿ ಅಕ್ಷರ ಕಲಿತು ವೈದ್ಯವೃತ್ತಿ ಹಿಡಿದ ನಾನು, ಸೊಲ್ಲಾಪುರ ಮತ್ತು ಅಕ್ಕಲಕೋಟ ತಾಲೂಕಿನ ಕನ್ನಡ ಬಂಧುಗಳ ಮುಂದೆ ಆರೋಗ್ಯದ ಒಂದು ವಿಚಾರವನ್ನು ಇಡಬಯಸುತ್ತೇನೆ. ಶಾಲೆಯ ಮೊದಲ ವಿದ್ಯಾರ್ಥಿಗಳು ಇಂದು ಅರವತ್ತರ ಹೊಸ್ತಿಲಲ್ಲಿದ್ದಾರೆ. ಅವರ ತಂದೆತಾಯಿಗಳು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಈ ಎರಡೂ ತಲೆಮಾರುಗಳಲ್ಲಿ ಸಕ್ಕರೆ ಕಾಯಿಲೆಯವರು ಅನೇಕರು.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಹಿರಿಯರು ಇಟ್ಟ ವಸ್ತುವನ್ನು ಮರೆತರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ನಡೆಯುವಾಗ ತೂರಾಡಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ. ಸಕ್ಕರೆ ಕಾಯಿಲೆಯುಳ್ಳ ವೃದ್ಧರ ಮಟ್ಟಿಗೆ ಈ ಗಾದೆ ಅಪಾಯಕಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇವೇ ಲಕ್ಷಣಗಳು ಬಿ-12 ಜೀವಸತ್ವದ ಕೊರತೆಯಿಂದಲೂ ಬರುತ್ತವೆ. ಆ ಕೊರತೆಗೆ ಚಿಕಿತ್ಸೆ ಉಂಟು.

1948ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದ ಈ ಜೀವಸತ್ವ ರಕ್ತಕಣಗಳ ಬೆಳವಣಿಗೆಗೂ ನರಗಳ ರಕ್ಷಣೆಗೂ ಅವಶ್ಯ. ದಿನಕ್ಕೆ ಬೇಕಾದದ್ದು ಸುಮಾರು ಎರಡೂವರೆ ಮೈಕ್ರೊಗ್ರಾಂ ಮಾತ್ರ. ಆದರೆ ನಮ್ಮ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳು ಪಲ್ಯಗಳು ಎಷ್ಟೇ ಪುಷ್ಟಿಕರವಾಗಿದ್ದರೂ ಅವುಗಳಲ್ಲಿ ಅದು ದೊರೆಯದು. ಶಾಕಾಹಾರಿ ಮನೆಗಳಿಗೆ ಹಾಲು ಮೊಸರೇ ಆಧಾರ; ಪಥ್ಯದ ಹೆಸರಿನಲ್ಲಿ ಕೆಲವರು ಅವನ್ನೂ ಬಿಡುತ್ತಾರೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರೂ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಪುರುಷರ ಪೈಕಿ ಮೂರರಲ್ಲಿ ಎರಡು ಪಾಲು ಜನರ ರಕ್ತದಲ್ಲಿ ಬಿ-12 ಕಡಿಮೆಯಿತ್ತು.

ಇದರ ಮೇಲೆ ಮೆಟ್‌ಫಾರ್ಮಿನ್ ಗುಳಿಗೆ. ಅದು ಅಗ್ಗವಾದ, ಉಪಯುಕ್ತವಾದ ಔಷಧ. ಅದನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಅದನ್ನು ವರ್ಷಗಟ್ಟಲೆ ಸೇವಿಸಿದಾಗ ಕರುಳು ಬಿ-12 ಹೀರಿಕೊಳ್ಳುವುದು ಕುಗ್ಗಬಹುದು. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವ ದಾಸ್ತಾನು ಇರುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಇದು ಆ ಔಷಧದ ಸಾಮಾನ್ಯ ಅಡ್ಡಪರಿಣಾಮವೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಅಂಗಾಲಿನ ಜೋಮು, ಉರಿಗಳನ್ನು ನಾವು ಸಕ್ಕರೆ ಕಾಯಿಲೆಯ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಅಲ್ಲಿಯೂ ಬಿ-12 ಕೊರತೆ ಅಡಗಿರಬಹುದು. ರಕ್ತಹೀನತೆ ಕಾಣದಿದ್ದರೂ ನರಗಳು ಕೆಡಬಹುದು.

ನೆನಪಿನ ಪರೀಕ್ಷೆಯ ಬಗೆಗೂ ಒಂದು ಮಾತು. ನಮ್ಮ ಹಿರಿಯರು ಪೇಟೆಯಲ್ಲಿ ಮರಾಠಿ ಆಡಿದರೂ ಅನೇಕರು ಎಣಿಸುವುದು, ತಿಥಿವಾರ ನೆನೆಯುವುದು ಕನ್ನಡದಲ್ಲಿ. ನೂರರಿಂದ ಏಳೇಳು ಕಳೆಯಿರೆಂದು ಬೇರೆ ಭಾಷೆಯಲ್ಲಿ ಕೇಳಿದಾಗ ಅವರು ತಡವರಿಸಿದರೆ ಅದೆಲ್ಲ ಮರೆವಲ್ಲ. ಕನ್ನಡ ಬಲ್ಲ ಮಗನೋ ಸೊಸೆಯೋ ಮೊಮ್ಮಗಳೋ ಜೊತೆಗೆ ಹೋಗಿ, ಪ್ರಶ್ನೆಗಳನ್ನು ತಾಯ್ನುಡಿಯಲ್ಲಿ ಕೇಳಿಸಬೇಕು. ಈ ಶಾಲೆ ಕಲಿಸಿದ ಕನ್ನಡಕ್ಕೆ ಇದೂ ಒಂದು ಸಾರ್ಥಕ ಉಪಯೋಗ.

ಎಲ್ಲ ಮರೆವಿಗೂ ಬಿ-12 ಕಾರಣವಲ್ಲ. ಥೈರಾಯಿಡ್ ದೋಷ, ಖಿನ್ನತೆ, ರಕ್ತದ ಸಕ್ಕರೆ ಪದೇಪದೇ ಇಳಿಯುವುದು, ಅಲ್ಝೈಮರ್ ಕಾಯಿಲೆ ಇವೂ ಇರಬಹುದು. ಕೊರತೆಯೇ ಇಲ್ಲದವರಿಗೆ ಸೂಜಿ ಚುಚ್ಚಿಸಿದರೆ ನೆನಪು ಹೆಚ್ಚುವುದಿಲ್ಲ. ಕೊರತೆ ಇದ್ದೂ ತಡಮಾಡಿದರೆ ನರಗಳಿಗಾದ ಹಾನಿ ಪೂರ್ಣ ಗುಣವಾಗದಿರಬಹುದು. ಆದ್ದರಿಂದ ಊಹೆ ಬೇಡ, ಪರೀಕ್ಷೆ ಬೇಕು. ಮೆಟ್‌ಫಾರ್ಮಿನ್ನನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಈ ರಕ್ತಪರೀಕ್ಷೆಗೆ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿಲ್ಲ, ಸೊಲ್ಲಾಪುರದಲ್ಲಿಯೇ ಆಗುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆಂದು ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳು ಆ ವೇಳೆಗೆ ತಂದೆತಾಯಿಗಳನ್ನು ವೈದ್ಯರ ಬಳಿ ಕರೆದೊಯ್ದು ಬಿ-12 ವಿಚಾರಿಸುವ ಪದ್ಧತಿ ಇಟ್ಟುಕೊಳ್ಳಲಿ. ಅಕ್ಕಲಕೋಟದ ಹಳ್ಳಿಗಳ ಹಿರಿಯರಿಗಾಗಿ ಮಹೋತ್ಸವ ಸಮಿತಿಯು ವರ್ಷಕ್ಕೊಂದು ತಪಾಸಣಾ ಶಿಬಿರವನ್ನು ಏರ್ಪಡಿಸಲಿ. ನಮಗೆ ಮೊದಲ ಮಾತು ಕಲಿಸಿದವರ ಮಾತು ತಪ್ಪತೊಡಗಿದಾಗ ಕಾರಣ ಹುಡುಕುವುದು ನಮ್ಮ ಕರ್ತವ್ಯ.