ಬೇಗ ಹಬ್ಬೋ ಬಳ್ಳಿನೇ ಬೇಕಾ?

ಬೇ ಏರಿಯಾದಲ್ಲಿ ಮನೆ ತಗೊಂಡ ಕನ್ನಡಿಗರು ಹಿತ್ತಲ ಬೇಲಿ ನೋಡ್ತಿದ್ದ ಹಾಗೇ ಕೇಳೋ ಪ್ರಶ್ನೆ ಇದು: "ಬೇಗ ಹಬ್ಬೋ ಹೂಬಳ್ಳಿ ಯಾವ್ದು? ಮಲ್ಲಿಗೆ ಥರ ಪರಿಮಳ ಇದ್ರೆ ಇನ್ನೂ ಒಳ್ಳೇದು." ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಲಾಸ್ ಗ್ಯಾಟೋಸ್‌ನಂಥ ಊರಲ್ಲಿ ವೇಗ ನೋಡಿ ಬಳ್ಳಿ ಆರಿಸಬಾರದು.

ಬಳ್ಳಿಗೆ ಆ ವೇಗ ಎಲ್ಲಿಂದ ಬರುತ್ತೆ? ಮರ ತಾನು ತಯಾರಿಸಿದ ಆಹಾರದ ದೊಡ್ಡ ಪಾಲನ್ನು ಕಾಂಡ ಗಟ್ಟಿ ಮಾಡಿಕೊಳ್ಳೋಕೆ ಖರ್ಚು ಮಾಡುತ್ತೆ. ಬಳ್ಳಿಗೆ ಆ ಖರ್ಚು ಕಡಿಮೆ. ಭಾರ ಹೊರೋಕೆ ನಿಮ್ಮ ಗೋಡೆ, ಪಕ್ಕದ ಮರ ಇದೆಯಲ್ಲ! ಉಳಿಸಿದ್ದನ್ನೆಲ್ಲ ಉದ್ದಕ್ಕೆ, ಎಲೆಗೆ ಹಾಕುತ್ತೆ. ಬಳ್ಳಿಯ ತುದಿ ಗಾಳಿಯಲ್ಲಿ ಸುತ್ತು ಹಾಕ್ತಾ ಆಸರೆ ಹುಡುಕೋದನ್ನ ಗಂಟೆಗಟ್ಟಲೆ ನೋಡಿ, 1865ರಲ್ಲಿ ಚಾರ್ಲ್ಸ್ ಡಾರ್ವಿನ್ ದೊಡ್ಡ ಪ್ರಬಂಧವನ್ನೇ ಬರೆದ.

ಇಲ್ಲಿ ನರ್ಸರಿಗೆ ಹೋದ್ರೆ ಮೊದಲು ಕಣ್ಣಿಗೆ ಬೀಳೋದು ಪಿಂಕ್ ಜಾಸ್ಮಿನ್. ನಿಜವಾದ ಮಲ್ಲಿಗೆ ಜಾತಿಯದ್ದೇ. ಚಳಿಗಾಲ ಮುಗಿಯೋ ಹೊತ್ತಿಗೆ ಬೇಲಿ ತುಂಬ ಹೂವು, ಘಮಘಮ. ಆದರೆ ನಾಲ್ಕೈದು ವರ್ಷ ಕತ್ತರಿಸದೆ ಬಿಟ್ಟು, ಆಮೇಲೆ ಒಳಗೆ ಕೈ ಹಾಕಿ ನೋಡಿ: ಮೇಲೆ ಹಸಿರು, ಒಳಗೆಲ್ಲ ಒಣಕಡ್ಡಿ. ಲಾಸ್ ಗ್ಯಾಟೋಸ್ ಇರೋದು ಸಾಂತಾ ಕ್ರೂಜ್ ಬೆಟ್ಟಗಳ ಬುಡದಲ್ಲಿ, ಬೇಸಿಗೆ ಪೂರ್ತಿ ಮಳೆ ಇಲ್ಲದ ಜಾಗದಲ್ಲಿ. 1985ರಲ್ಲಿ ಲೆಕ್ಸಿಂಗ್ಟನ್ ಜಲಾಶಯದ ಸುತ್ತಿನ ಬೆಟ್ಟಗಳು ಹೊತ್ತಿ ಉರಿದಿದ್ದವು. ಕಾಳ್ಗಿಚ್ಚಿನಲ್ಲಿ ಎಷ್ಟೋ ಮನೆಗಳಿಗೆ ಬೆಂಕಿ ಹತ್ತೋದು ಜ್ವಾಲೆಯಿಂದಲ್ಲ, ಗಾಳಿಯಲ್ಲಿ ಹಾರಿ ಬರೋ ಕಿಡಿಯಿಂದ. ಅದಕ್ಕೇ ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ಮಾಡಿ, ಬೆಂಕಿ ಅಪಾಯದ ಪ್ರದೇಶಗಳಲ್ಲಿ ಮನೆಯಿಂದ ಮೊದಲ 5 ಅಡಿಯನ್ನು 'ಝೋನ್ ಝೀರೋ' ಅಂತ ಗುರುತಿಸಿತು. ಗೋಡೆಗೆ ಬಳ್ಳಿ ಹಬ್ಬಿಸೋದು ಅಂದ್ರೆ ಆ 5 ಅಡಿಯೊಳಗೇ ಸೌದೆ ಒಟ್ಟಿದ ಹಾಗೆ.

ಇನ್ನು ಹೆಸರಿನ ಗೊಂದಲ. ಸ್ಟಾರ್ ಜಾಸ್ಮಿನ್ ಮಲ್ಲಿಗೆಯೇ ಅಲ್ಲ, ನಮ್ಮ ಕಣಗಿಲೆ, ನಂದಿಬಟ್ಟಲಿನ ನೆಂಟ. ಕಡ್ಡಿ ಮುರಿದ್ರೆ ಹಾಲು ಬರುತ್ತೆ. ಹೋಗಲಿ, ಅದು ತಕ್ಕಮಟ್ಟಿಗೆ ಸಾಧು ಗಿಡ. ಹಳದಿ ಹೂವಿನ ಕ್ಯಾರೊಲೈನಾ ಜೆಸಮಿನ್ ಹಾಗಲ್ಲ. ಬೇರಿಂದ ಮಕರಂದದ ತನಕ ವಿಷ. ಹೂವು ಕಿತ್ತು ಜೇನು ಹೀರೋ ಮಕ್ಕಳಿರೋ ಮನೆಗೆ ಖಂಡಿತ ಬೇಡ. ಮುಡಿಯೋಕೆ ಮಲ್ಲಿಗೆ ಬೇಕು ಅಂದ್ರೆ ದುಂಡುಮಲ್ಲಿಗೆಯನ್ನೇ ಕುಂಡದಲ್ಲಿ ಬೆಳೆಸಿ, ಹಿಮ ಬೀಳೋ ರಾತ್ರಿ ಒಳಗಿಡಿ.

ಬೇಲಿಗೆ? ನಾನು ಹೇಳೋದು ಇಲ್ಲಿನದೇ ಕ್ಯಾಲಿಫೋರ್ನಿಯಾ ಪೈಪ್‌ವೈನ್. ಎಲೆ ಬರೋ ಮುಂಚೆ, ಬಗ್ಗಿದ ಹೊಗೆಸೊಪ್ಪಿನ ಪೈಪಿನ ಆಕಾರದ ಹೂವು ಬಿಡುತ್ತೆ. ಪರಿಮಳದ ಆಸೆ ಇಟ್ಕೋಬೇಡಿ. ಇದೂ ತಿನ್ನೋ ಗಿಡವಲ್ಲ, ಅದರ ಆಮ್ಲ ಮೂತ್ರಪಿಂಡಕ್ಕೆ ಕೆಟ್ಟದ್ದು. ಆದರೆ ಪೈಪ್‌ವೈನ್ ಸ್ವಾಲೋಟೇಲ್ ಚಿಟ್ಟೆಯ ಮರಿಹುಳಕ್ಕೆ ಈ ಕುಲದ ಎಲೆ ಬಿಟ್ಟರೆ ಬೇರೆ ಊಟವಿಲ್ಲ. ಅದೇ ವಿಷ ಮೈಯಲ್ಲಿ ತುಂಬಿಕೊಂಡು ಹಕ್ಕಿಗಳಿಂದ ಪಾರಾಗುತ್ತೆ. ನಮ್ಮೂರ ಈಶ್ವರಬಳ್ಳಿ ಇದರ ಒಡಹುಟ್ಟು. ಕರ್ನಾಟಕದ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡೋದೂ ಆ ಕುಲದ ಬಳ್ಳಿಗಳ ಮೇಲೇ.

ಮೊದಲ ಒಂದೆರಡು ವರ್ಷ ಇದು ಬೆಳೆಯೋದೇ ಕಾಣಲ್ಲ, ಬೇರು ಬಿಡ್ತಿರುತ್ತೆ. ನವೆಂಬರ್‌ನ ಮೊದಲ ಮಳೆಗೆ, ಅರೆನೆರಳಲ್ಲಿ, ಗೋಡೆಯಿಂದ ದೂರ ನೆಡಿ.