ಕಾಸು ಕೇಳದ ಆಟವೊಂದರ ಪರವಾಗಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ಊರುಗಳಿಗೆ ಗಣಕಯಂತ್ರ ಬಂದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಭೂಮಿ ಯೋಜನೆಯಿಂದ ತಾಲ್ಲೂಕು ಕಚೇರಿಯ ಪಹಣಿಗಳು ಯಂತ್ರಕ್ಕೇರಿದುದನ್ನೂ, ಮಾಹಿತಿ ಸಿಂಧುವಿನ ಹೆಸರಿನಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದುದನ್ನೂ, ನುಡಿ ತಂತ್ರಾಂಶವನ್ನು ನಂಬಿ ಬಸ್‌ಸ್ಟ್ಯಾಂಡಿನ ಎದುರು ಡಿಟಿಪಿ ಅಂಗಡಿಗಳು ತೆರೆದುದನ್ನೂ ಅವರು ತಪ್ಪದೆ ದಾಖಲಿಸುವರು. ಆದರೆ ಆ ಯಂತ್ರದ ಮುಂದೆ ಮೊದಲ ಸಲ ಕುಳಿತು, ಯಾವ ಕೀಲಿಯನ್ನು ಒತ್ತಿದರೆ ಏನು ಕೆಟ್ಟೀತೋ ಎಂದು ಬೆವೆತ ಬಾಲಕನ ಭಯವನ್ನು ಬಿಡಿಸಿದ ಶ್ರೇಯಸ್ಸು ಇವಾವುದಕ್ಕೂ ಸಲ್ಲದೆ, ಯಾರೂ ಮಂಜೂರು ಮಾಡದ ಒಂದು ಚೆಂಡಾಟಕ್ಕೆ ಸಲ್ಲಬೇಕೆಂಬುದನ್ನು ಅವರು ಬರೆದಾರೆಂದು ನನಗೆ ನಂಬಿಕೆಯಿಲ್ಲ.

ಅದರ ನಿಜವಾದ ಹೆಸರು ಸ್ಪೇಸ್ ಕೆಡೆಟ್. ಆಡುವವರ ಬಾಯಲ್ಲಿ ಬರಿಯ ಪಿನ್‌ಬಾಲ್. ಅಮೆರಿಕದ ಸಿನೆಮಾಟ್ರಾನಿಕ್ಸ್ ಎಂಬ ಸಣ್ಣ ಸಂಸ್ಥೆಯೊಂದು 1995ರಲ್ಲಿ ನಿರ್ಮಿಸಿದ ಈ ಕ್ರೀಡೆ ವಿಂಡೋಸ್ 95ರ ಪ್ಲಸ್ ಎಂಬ ಅನುಬಂಧದಲ್ಲಿ ಮೊದಲು ಕಾಣಿಸಿಕೊಂಡು, ನಡುವಣ ಆವೃತ್ತಿಗಳನ್ನು ದಾಟಿ, 2001ರ ಎಕ್ಸ್‌ಪಿಯೊಡನೆ ನಮ್ಮ ಸೀಮೆಯನ್ನು ಹೊಕ್ಕಿತು. ಕೊಟ್ಟೂರು ಆಗಿನ್ನೂ ಕೂಡ್ಲಿಗಿಗೆ ಸೇರಿದ ಹೋಬಳಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆಯ ಪಾಲಾಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಗೆ ಬಂದಿತು. ಎಲ್ಲೆಗಳು ಹೀಗೆ ಅಲೆದಾಡಿದರೂ ಕಂಪ್ಯೂಟರ್ ಸೆಂಟರುಗಳ ಆ ಆಟ ಮಾತ್ರ ಎಲ್ಲ ಕಡೆಯೂ ಒಂದೇ ಆಗಿತ್ತು.

ಅದರ ಕಲ್ಪನಾಲೋಕವನ್ನು ಸ್ವಲ್ಪ ವಿವರಿಸುವುದು ಯುಕ್ತ. ಕಳೆದ ಶತಮಾನದ ನಡುಗಾಲದ ಜನ ಕಂಡ ಅಂತರಿಕ್ಷ ಅದು: ಕೆಂಪು ಹಳದಿ ದೀಪಗಳ ವ್ಯೋಮನೌಕೆ, ಚೆಂಡನ್ನು ನುಂಗಿ ಇನ್ನೊಂದೆಡೆ ಉಗುಳುವ ಬಿಲಗಳು, ಜೊತೆಗೊಂದು ಕೃಷ್ಣರಂಧ್ರ. ಆಟಗಾರನಿಗೆ ದೊರೆಯುವುದು ಮೂರೇ ಚೆಂಡು. ಸ್ಪೇಸ್ ಕೀಲಿಯನ್ನು ಒತ್ತಿಹಿಡಿದು ಬಿಟ್ಟರೆ ಚೆಂಡು ಮೇಲಕ್ಕೆ ಚಿಮ್ಮುತ್ತದೆ. ಕೆಳಗೆ ಜಾರಿ ಬರುವ ಅದನ್ನು ಎಡಬಲಗಳ ಎರಡು ರೆಕ್ಕೆಗಳಿಂದ ಹೊಡೆದು ಮೇಲೇರಿಸುತ್ತಿರಬೇಕು. ಹಲಗೆಯನ್ನು ಅಲುಗಿಸಿ ಚೆಂಡನ್ನು ಉಳಿಸಿಕೊಳ್ಳುವ ಅವಕಾಶವೂ ಉಂಟು. ಆದರೆ ಅತಿಯಾಗಿ ಅಲುಗಿಸಿದವನ ರೆಕ್ಕೆಗಳು ಕೆಲಸವನ್ನೇ ನಿಲ್ಲಿಸಿ, ಕಣ್ಣೆದುರಿಗೇ ಚೆಂಡು ಕಳೆದುಹೋಗುತ್ತದೆ. ಕೆಡೆಟ್ಟಿನಿಂದ ಮೊದಲಾಗಿ ನೌಕಾದಳದ ಪರಮಾಧಿಪತಿಯವರೆಗೆ ಒಂಬತ್ತು ಪದವಿಗಳಿದ್ದು, ಗುರಿಗಳಿಗೆ ಹೊಡೆದು ಕಾರ್ಯಭಾರವೊಂದನ್ನು ಆರಿಸಿ, ಇಳಿಜಾರನ್ನೇರಿ ಅದನ್ನು ಅಂಗೀಕರಿಸಿ, ಇಂಧನದ ದೀಪಗಳು ಆರುವುದರೊಳಗಾಗಿ ಅದನ್ನು ಪೂರೈಸಿದವನಿಗೇ ಮೇಲಿನ ಪದವಿಯ ಹಾದಿ ತೆರೆಯುತ್ತಿತ್ತು. ಈ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ ಪರದೆಯ ಬಲಪಾರ್ಶ್ವದಲ್ಲಿ ಮಿನುಗುತ್ತಿದ್ದುದರಿಂದ ನಮ್ಮ ಹುಡುಗರಲ್ಲಿ ಬಹುಮಂದಿ ಪದವಿಗಳ ಗೊಡವೆಗೇ ಹೋಗದೆ, ಚೆಂಡು ಬೀಳದಂತೆ ಕಾಯುವುದೊಂದೇ ಆಟವೆಂದು ತಿಳಿದಿದ್ದರು. ಎಲ್ಲವನ್ನೂ ಬಲ್ಲ ಚತುರನೂ ಅರ್ಧದಲ್ಲಿ ಲೋಡ್ ಶೆಡ್ಡಿಂಗ್ ಆದರೆ ಮತ್ತೆ ಕೆಡೆಟ್ಟಾಗಿಯೇ ಹೊರಡಬೇಕಾಗಿತ್ತು. ಏಕೆಂದರೆ ಆಟವನ್ನು ಅರ್ಧದಲ್ಲಿ ಉಳಿಸಿಡುವ ಏರ್ಪಾಡು ಅದರಲ್ಲಿರಲಿಲ್ಲ.

ಇಂಥ ಆಟವನ್ನು ಶಾಲೆಗಳ ಕಂಪ್ಯೂಟರ್ ಪ್ರಯೋಗಾಲಯಗಳಿಂದ ಅಳಿಸಿಹಾಕಿ, ಯಂತ್ರಕ್ಕೆ ಹೊದಿಕೆ ಹೊದಿಸಿ, ಕೋಣೆಗೆ ಬೀಗ ಹಾಕಿದ ಹಿರಿಯರ ಭಯ ಎಲ್ಲಿಂದ ಬಂದಿತೆಂಬುದು ನನಗೆ ಅರ್ಥವಾಗದ ವಿಷಯವೇನಲ್ಲ. ಇಸ್ಪೀಟು, ಮಟ್ಕಾಗಳಲ್ಲಿ ಮನೆಮಠ ಕಳೆದುಕೊಂಡವರನ್ನು ಕಂಡ ಸೀಮೆ ಇದು. ಆ ಹಿರಿಯರ ಕಣ್ಣಿಗೆ ಆಟವೆಂದರೆ ಜೂಜಿನ ತಮ್ಮ. ಅಮೆರಿಕದವರೂ ಇದೇ ಪಿನ್‌ಬಾಲನ್ನು ಹೀಗೆಯೇ ಶಂಕಿಸಿದರು. ನ್ಯೂಯಾರ್ಕಿನಲ್ಲಿ 1942ರಲ್ಲಿ ಮೇಯರ್ ಲಗ್ವಾರ್ಡಿಯ ಆ ಯಂತ್ರಗಳನ್ನು ಜೂಜಿನ ಸಾಧನಗಳೆಂದು ನಿಷೇಧಿಸಿ ಒಡೆಸಿದನು. ಚೆಂಡನ್ನು ಹೊಡೆಯುವ ರೆಕ್ಕೆಗಳು ಆಗಿನ್ನೂ ಹುಟ್ಟಿರಲಿಲ್ಲವಾದುದರಿಂದ ಆ ತೀರ್ಮಾನದಲ್ಲಿ ನ್ಯಾಯವಿತ್ತೆಂದೇ ಹೇಳಬೇಕು. 1947ರಲ್ಲಿ ಗಾಟ್ಲೀಬ್ ಸಂಸ್ಥೆಯ ಹಂಪ್ಟಿ ಡಂಪ್ಟಿ ಯಂತ್ರದಲ್ಲಿ ರೆಕ್ಕೆಗಳು ಬಂದು ಅದೃಷ್ಟದ ಆಟ ಹಸ್ತಕೌಶಲದ ಆಟವಾಯಿತು. ಆದರೂ ನಿಷೇಧ ತೆರವಾದುದು 1976ರಲ್ಲಿ, ರೋಜರ್ ಶಾರ್ಪ್ ಎಂಬಾತ ನಗರಸಭೆಯ ಸದಸ್ಯರ ಎದುರಿಗೆ, ಚೆಂಡು ಎಲ್ಲಿಗೆ ಹೋಗುವುದೆಂದು ಮೊದಲೇ ಹೇಳಿ ಅಲ್ಲಿಗೇ ಹೊಡೆದು ತೋರಿಸಿದ ಮೇಲೆ. ನಮ್ಮ ರಾಜ್ಯವೂ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ವಿಧಿಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು, ಕೌಶಲವೋ ಅದೃಷ್ಟವೋ ಎಂಬ ವಾದಕ್ಕೇ ಎಡೆಗೊಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಲ್ಲಿಸಿತು. ಈ ಕೊನೆಯ ವಿವೇಕವೇ ನನಗೆ ಸರಿಯೆಂದು ತೋರುತ್ತದೆ. ಆಟಕ್ಕೂ ಪಾಠಕ್ಕೂ ನಡುವೆ ಗೆರೆ ಎಳೆದು ನಾವು ಕೆಟ್ಟೆವು. ಎಳೆಯಬೇಕಾದ ಗೆರೆ ಕಾಸು ಕೇಳುವ ಆಟಕ್ಕೂ ಕೇಳದ ಆಟಕ್ಕೂ ನಡುವಣದು.

ಎಕ್ಸ್‌ಪಿಯ ಆ ಪಿನ್‌ಬಾಲ್ ಕಾಸು ಕೇಳಲಿಲ್ಲ, ಇಂಟರ್ನೆಟ್ಟು ಬೇಡಲಿಲ್ಲ, ಜಾಹೀರಾತು ತೋರಿಸಲಿಲ್ಲ, ಸೋತ ಹುಡುಗನಿಗೆ ಇನ್ನೊಂದು ಜೀವವನ್ನು ಮಾರಲೂ ಬರಲಿಲ್ಲ. ಇಂದು ಕೊಟ್ಟೂರಿನ ಜಾತ್ರೆಗೋ ಮೈಲಾರದ ಕಾರಣಿಕಕ್ಕೋ ಬಂದ ಮಗು ತೇರನ್ನೂ ಗೊರವರನ್ನೂ ಬಿಟ್ಟು ತಂದೆಯ ಮೊಬೈಲಿನಲ್ಲಿ ಮುಳುಗಿರುವಾಗ, ಅದರ ಬೆರಳು ಮಾಡುತ್ತಿರುವ ಕೆಲಸದಲ್ಲಿ ಕೌಶಲವೆಷ್ಟು, ಯಾರದೋ ವ್ಯಾಪಾರವೆಷ್ಟು ಎಂದು ಒಮ್ಮೆ ಬಗ್ಗಿ ನೋಡಿದವರಿಗೆ ನನ್ನ ಮಾತಿನ ಅಭಿಪ್ರಾಯ ಹೊಳೆಯದಿರದು.

ಆ ಆಟ ಕಣ್ಮರೆಯಾದ ಬಗೆಯೂ ವಿಚಿತ್ರ. 64 ಬಿಟ್ಟಿನ ಯಂತ್ರಗಳಿಗೆ ಅದನ್ನು ಹೊಂದಿಸಹೊರಟಾಗ ಚೆಂಡು ಯಾವುದಕ್ಕೂ ತಾಗದೆ ಪ್ರೇತದಂತೆ ಎಲ್ಲವನ್ನೂ ತೂರಿಕೊಂಡು ಕೆಳಗೆ ಬಿದ್ದುಹೋಗುತ್ತಿತ್ತೆಂದೂ, ಹೊರಗಿನವರು ಬರೆದ, ವಿವರಣೆಯೊಂದೂ ಇಲ್ಲದ ಆ ಹಳೆಯ ಸಂಕೇತಲಿಪಿಯಲ್ಲಿ ದೋಷವನ್ನು ಹುಡುಕಲಾರದೆ ಆಟವನ್ನೇ ಕೈಬಿಟ್ಟೆವೆಂದೂ ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2012ರಲ್ಲಿ ಬರೆದನು. 2007ರ ವಿಂಡೋಸ್ ವಿಸ್ತಾದಲ್ಲಿ ಅದು ಇರಲಿಲ್ಲ. ಮುಂದೆ ಉತ್ಸಾಹಿಯೊಬ್ಬನು ಯಂತ್ರಭಾಷೆಯಿಂದ ಹಿಮ್ಮುಖವಾಗಿ ನಡೆದು ಅದರ ಒಳಹೆಣಿಗೆಯನ್ನು ಬಿಡಿಸಿ, 2021ರ ಹೊತ್ತಿಗೆ ಲೋಕದ ಮುಂದಿಟ್ಟುದರಿಂದ ಅದೀಗ ಹೊಸ ಯಂತ್ರಗಳಲ್ಲೂ ಓಡುತ್ತದೆ. ಚಿತ್ರಗಳೂ ಧ್ವನಿಗಳೂ ಮಾತ್ರ ಅವುಗಳ ಒಡೆಯರ ಸ್ವತ್ತು.

ಆದುದರಿಂದ ನಕಲು ನಮಗೆ ಬೇಡ. ಹೊಸಪೇಟೆ, ಬಳ್ಳಾರಿಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟನ್ನು ಪೇಟೆಯಲ್ಲಿ ಕೊಂಡು ಒಪ್ಪಿಸುವ ವಿದ್ಯಾರ್ಥಿಗಳು, ಅದರ ಬದಲಾಗಿ, ಕನ್ನಡದ ಸೂಚನೆಗಳುಳ್ಳ ಒಂದು ಪಿನ್‌ಬಾಲನ್ನು ಸ್ವತಃ ಕಟ್ಟಬಾರದೇಕೆ? ವಸ್ತುವಿಗೆ ದೂರ ಹೋಗಬೇಕಾಗಿಲ್ಲ; 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದ ಚಂದ್ರಯಾನಕ್ಕೆ ಬೆಂಗಳೂರಿನಿಂದಲೇ ಆಜ್ಞೆಗಳು ಹೋದವು. ಇನ್ನು ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರು ಪಡೆದು, ಎಷ್ಟೋ ಕಡೆ ಕಂಪ್ಯೂಟರುಗಳನ್ನೂ ಪಡೆದಿವೆ. ಈ ಐದು ತಾಲ್ಲೂಕುಗಳ ಗ್ರಂಥಪಾಲಕರಲ್ಲಿ ನನ್ನ ಬಿನ್ನಹವಿಷ್ಟೆ: ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯ ಕಾಲ ಆ ಯಂತ್ರದ ಹೊದಿಕೆಯನ್ನು ತೆಗೆದು, ಕಾಸು ಕೇಳದ ಇಂಥ ಆಟವೊಂದನ್ನು ಅದರಲ್ಲಿಟ್ಟು, ಮಕ್ಕಳನ್ನು ಸರದಿಯಂತೆ ಕೂರಿಸಿರಿ, ಪಂಚಾಯಿತಿಯ ಸದಸ್ಯರು ಬಂದು ಆಕ್ಷೇಪಿಸಿದರೆ ಅವರಿಗೂ ಒಂದು ಸರದಿ ಕೊಡಿರಿ.